ನಾನೇ ಕಳಿಸಿದ ಗಿರಾಕಿ

ಫೆಬ್ರವರಿ 9, ಭಾನುವಾರ

ದಲ್ಲಾಳಿ ಬಂದಿದ್ದ. ಕಂಕುಳಲ್ಲಿ ನೀಲಿ ಫೈಲು. ಚಪ್ಪಲಿ ಬಿಡುವ ಮೊದಲೇ ತಲೆಯೆತ್ತಿ ಛಾವಣಿ ನೋಡಿದ. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು. ಯೋಗ್ಯ ಮನುಷ್ಯ ಮೊದಲು ಮನೆಯವರ ಮುಖ ನೋಡುತ್ತಾನೆ. ಮೂವತ್ತೊಂದು ವರ್ಷ ಬಸ್ಸು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡಿದವಳು ನಾನು. ಯಾರು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಅವರು ನಿಂತ ರೀತಿಯಲ್ಲೇ ಹೇಳಬಲ್ಲೆ. ಕಂಡಕ್ಟರುಗಳು ಬೆನ್ನ ಹಿಂದೆ ನನ್ನನ್ನು ಹದ್ದು ಎನ್ನುತ್ತಾರೆ. ಬೇಸರವಿಲ್ಲ, ಹೆಸರಿಗೆ ತಕ್ಕ ಹಾಗೆ ಇದ್ದೇನೆ.

ಅವನು ಅಳತೆ ತೆಗೆದ, ನಲ್ಲಿಗಳನ್ನು ತಿರುಗಿಸಿದ, ಮೆಟ್ಟಿಲು ಎಣಿಸಿದ. ಹದಿನಾಲ್ಕು. ನನ್ನನ್ನು ಕೇಳಿದ್ದರೆ ಹೇಳುತ್ತಿರಲಿಲ್ಲವೇ? ಕೊನೆಗೆ ಫೈಲು ಮುಚ್ಚಿ, "ಮೇಡಂ, ಅರವತ್ತೆರಡು ಲಕ್ಷ ಅಂತ ಹಾಕೋಣ. ಅರವತ್ತರ ಆಚೀಚೆ ಹೋಗುತ್ತೆ" ಎಂದ.

"ಎಂಬತ್ತೈದು" ಎಂದೆ.

"ಮೂರು ವರ್ಷದ ಹಿಂದೆ ಆಗಿದ್ರೆ ನಾನೇ ತೊಂಬತ್ತು ಅಂತಿದ್ದೆ. ಈಗ ನಿಮ್ಮ ಬೀದೀಲೇ ಮೂರು ಬೋರ್ಡು ನೇತಾಡ್ತಿವೆ. ನೋಡೋರು ಇದಾರೆ, ಕೊಳ್ಳೋರು ಇಲ್ಲ."

ಮೂರು ವರ್ಷದ ಹಿಂದೆ ಮೂಲೆಮನೆ ಎಂಬತ್ತನಾಲ್ಕಕ್ಕೆ ಹೋಯಿತು. ಅದಕ್ಕೆ ಬಾಲ್ಕನಿ ಕೂಡ ಇಲ್ಲ. ಇವನ ಫೈಲಿನೊಳಗೆ ಯಾರೋ ಆಗಲೇ ಕೂತಿದ್ದಾರೆ. ನನ್ನಿಂದ ಅಗ್ಗಕ್ಕೆ ಕಿತ್ತು ಅವರಿಗೆ ಕೊಡಿಸಿ, ಎರಡೂ ಕಡೆ ಕಮಿಷನ್ ತಿನ್ನುವ ಲೆಕ್ಕ.

ಮಾರುವುದು ಇವರಿಗಾಗಿ. ಕಳೆದ ಆಗಸ್ಟಿನಿಂದ ನನ್ನ ಗಂಡನ ಎಡಗೈ, ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಬಚ್ಚಲು, ಮಲಗುವ ಕೋಣೆ ಎರಡೂ ಮಹಡಿಯ ಮೇಲೆ. ಕೆಳಗೆ ಹಜಾರ, ಅಡುಗೆಮನೆ, ಮೆಟ್ಟಿಲ ಕೆಳಗೊಂದು ಇಕ್ಕಟ್ಟಾದ ಕಕ್ಕಸು. ಇಪ್ಪತ್ತೆಂಟು ವರ್ಷ ಶಾಲಾ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟ ಮನುಷ್ಯ ಈಗ ಹಜಾರದಲ್ಲಿ ಪರದೆಯ ಹಿಂದೆ ಕುರ್ಚಿಯ ಮೇಲೆ ಕೂತು, ಬಕೆಟ್ ನೀರಿನಲ್ಲಿ ನನ್ನ ಕೈಯಿಂದ ಮೈ ಒರೆಸಿಕೊಳ್ಳುತ್ತಾರೆ. ಒರೆಸುವಷ್ಟೂ ಹೊತ್ತು ಗೋಡೆ ನೋಡುತ್ತಿರುತ್ತಾರೆ.

ಔಷಧಿ ಅಂಗಡಿಯವರದೊಂದು ಫ್ಲ್ಯಾಟ್ ಇದೆ. ಎರಡು ಕೋಣೆ, ಕಟ್ಟಡಕ್ಕೆ ಲಿಫ್ಟ್, ಬಚ್ಚಲಿಗೆ ಹೊಸ್ತಿಲಿಲ್ಲ, ಗೋಡೆಗೆ ಹಿಡಿದುಕೊಳ್ಳುವ ಕಂಬಿ. ಐವತ್ತೆಂಟು ಹೇಳಿದ್ದಾರೆ, ಮೇ ಕೊನೆಯವರೆಗೆ ನಮಗಾಗಿ ಕಾಯುತ್ತಾರಂತೆ. ಯಾಕೆ ಕಾಯುತ್ತಾರೆ ಎಂಬುದೂ ವಿಚಾರ ಮಾಡಬೇಕಾದ ವಿಷಯ.

ಫೆಬ್ರವರಿ 16

ಎಂಬತ್ತೈದು ಎಂದೇ ಬೋರ್ಡು ಬಿತ್ತು. ವಾರದಲ್ಲಿ ಹನ್ನೊಂದು ಜನ ಬಂದರು. ಏಳು ಜನ ನಮ್ಮ ಬೀದಿಯವರೇ. ಇಷ್ಟು ವರ್ಷ ನಮ್ಮ ಮನೆಯೊಳಗೆ ಏನಿದೆ ಎಂದು ನೋಡಲಾಗದ ಸಂಕಟ ತೀರಿಸಿಕೊಂಡು ಹೋದರು. ಒಬ್ಬಳು ಮಹಡಿಯ ಹಿಂದಿನ ಕೋಣೆಯ ಬೀರು ತೆಗೆದು ನೋಡಿ, "ಇದೂ ಕೊಡ್ತೀರಾ?" ಎಂದಳು. ಬೀರುವಿನ ಹಿಂದೆ ಗೋಡೆಗೆ ತೇವದ ಕಲೆ ಇದೆ. ಅದಕ್ಕೆಂದೇ ಅಲ್ಲಿಗೆ ಸರಿಸಿದ್ದೇನೆ. ಮೋಸವೇನಲ್ಲ, ಬೀರು ಎಲ್ಲಾದರೂ ಇರಬೇಕಲ್ಲ.

ಇನ್ನೊಬ್ಬ ಹಜಾರದ ಗೋಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದ. ಯಾಕೆ ಎಂದರೆ "ಸುಮ್ನೆ" ಎಂದ. ಸುಮ್ಮನೆ ಯಾರೂ ಇನ್ನೊಬ್ಬರ ಗೋಡೆ ತಟ್ಟುವುದಿಲ್ಲ. ಇವನನ್ನು ದಲ್ಲಾಳಿಯೇ ಕಳಿಸಿರಬೇಕು.

ಫೆಬ್ರವರಿ 25

ಇಂದು ಬೇಗ ಮನೆಗೆ ಬಂದೆ. ನಾದಿನಿ ಇದ್ದಳು. ಎರಡು ಸ್ಟಾಪ್ ಆಚೆ ಇರುವವಳು, ಅವಳ ಹತ್ತಿರ ಒಂದು ಬೀಗದ ಕೈ ಇದೆ. ಮಧ್ಯಾಹ್ನ ಬಂದು ಅಣ್ಣನಿಗೆ ಊಟ ಬಡಿಸಿ ಹೋಗುತ್ತಾಳೆಂದು ನಾನು ನಂಬಿಕೊಂಡಿದ್ದೆ. ಬಾಗಿಲು ತೆಗೆದಾಗ ಅಣ್ಣ ತಂಗಿ ತಲೆಗೆ ತಲೆ ಕೊಟ್ಟು ಒಂದು ಕಾಗದ ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಏನದು?"

"ಏನಿಲ್ಲ ಅತ್ತಿಗೆ, ನಮ್ಮದೇ ಒಂದು ಲೆಕ್ಕ" ಎಂದು ನಕ್ಕಳು. ಆಮೇಲೆ, "ಅತ್ತಿಗೆ, ಎಂಬತ್ತೈದು ಜಾಸ್ತಿ ಆಯ್ತೇನೋ ಅಲ್ವಾ?" ಎಂದಳು.

ಎಲ್ಲ ಅರ್ಥವಾಯಿತು. ಈ ನಿವೇಶನ ಅವಳ ಅಪ್ಪ ಕೊಟ್ಟದ್ದು. ಪಾಲು ಕೇಳುವ ಯೋಚನೆ. ಒಂದು ಸಹಿ ಹಾಕಿಸಿಕೊಂಡುಬಿಟ್ಟರೆ ನಾನು ಬಾಯಿ ಬಾಯಿ ಬಡಿದುಕೊಳ್ಳಬೇಕಾದೀತು.

ಹೋಗುವಾಗ ಬೀಗದ ಕೈ ಇಸಿದುಕೊಂಡೆ. ನನ್ನದು ಕಳೆದಿದೆ ಎಂದೆ. ಕೊಟ್ಟಳು. ಒಂದು ಕ್ಷಣ ಹೆಚ್ಚಾಗಿಯೇ ನನ್ನ ಮುಖ ನೋಡಿದಳು.

ಮಾರ್ಚ್ 3

ಡ್ಯೂಟಿಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದೇನೆ. ನಾನಿಲ್ಲದಾಗ ದಲ್ಲಾಳಿ ಬಂದು ಇವರ ಬಾಯಿ ಬಿಡಿಸಿದರೆ ಕಷ್ಟ. ಊಟ ಡಬ್ಬಿಯಲ್ಲಿಟ್ಟು ಹೋಗುತ್ತೇನೆ. ಇವರು ಏನೂ ಅನ್ನಲಿಲ್ಲ. ಒಪ್ಪಿಗೆ ಎಂದುಕೊಂಡಿದ್ದೇನೆ.

ಮಾರ್ಚ್ 14

ಒಬ್ಬರೂ ಬೆಲೆ ಕೇಳಿಲ್ಲ. ದಲ್ಲಾಳಿ ಫೋನಿನಲ್ಲಿ ಪಾಠ ಮಾಡಿದ: "ಮೇಡಂ, ಬೋರ್ಡು ಹಾಕಿದ ಮೊದಲ ತಿಂಗಳು ಜನ ಮನೆ ನೋಡ್ತಾರೆ. ಆಮೇಲೆ ಬೋರ್ಡು ನೋಡ್ತಾರೆ. ಇನ್ನೂ ಯಾಕೆ ಹೋಗಿಲ್ಲ, ಏನೋ ಐಬು ಇರ್ಬೇಕು ಅಂತಾರೆ. ಈಗ ಎಂಬತ್ತು ಮಾಡಿ, ಮುಂದಿನ ತಿಂಗಳು ಎಪ್ಪತ್ತೈದು ಮಾಡಿ ಅಂತ ಇಳಿಸ್ಕೊಂಡು ಹೋದ್ರೆ ಇನ್ನೂ ಇಳಿಯುತ್ತೆ ಅಂತ ಕಾಯ್ತಾರೆ. ಇಳಿಸೋದಾದ್ರೆ ಒಂದೇ ಸಲ ಇಳಿಸಿಬಿಡಿ."

ಎಂಬತ್ತು ಮಾಡಿದೆ. ನಾನೂ ಹಟಮಾರಿಯಲ್ಲ.

ಇವರಿಗೆ ಹೇಳಿದರೆ, "ಕೊಳ್ಳೋನು ನಾನಾಗಿದ್ರೆ ಅರವತ್ತು ಕೊಡ್ತಿದ್ದೆ. ಮೆಟ್ಟಿಲಿಗೆ ಎರಡು ಕಳೀತಿದ್ದೆ" ಎಂದರು. ಮನೆಯೊಳಗೇ ವಿರೋಧ ಪಕ್ಷ!

ಮಾರ್ಚ್ 22

ದಾರಿ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ!

ಕಂಡಕ್ಟರ್ ಮೇಲೆ ಅನುಮಾನ ಬಂದರೆ ನಮ್ಮಲ್ಲಿ ಮಫ್ತಿ ತಪಾಸಣೆ ಮಾಡುತ್ತೇವೆ. ನಮ್ಮವನೊಬ್ಬ ಸಾಮಾನ್ಯ ಪ್ರಯಾಣಿಕನ ಹಾಗೆ ಬಸ್ಸು ಹತ್ತುತ್ತಾನೆ, ದುಡ್ಡು ಕೊಡುತ್ತಾನೆ, ಟಿಕೆಟ್ ಕೇಳದೆ ಕಿಟಕಿಯಾಚೆ ನೋಡುತ್ತಾ ಕೂರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಟ್ಟರೆ ಸಾಚಾ. ದುಡ್ಡು ಜೇಬಿಗಿಳಿಸಿದರೆ ಮುಂದಿನ ಸ್ಟಾಪಿನಲ್ಲಿ ನಾನು ಹತ್ತುತ್ತೇನೆ.

ಡಿಪೋದ ಸ್ಟೋರ್‌ಕೀಪರ್‌ನನ್ನು ಒಪ್ಪಿಸಿದ್ದೇನೆ. ಟಯರು, ಬೋಲ್ಟು ಎಣಿಸಿ ಎಣಿಸಿ ಬೇಸತ್ತವನು, ಕೇಳಿದ್ದೇ ಕಣ್ಣರಳಿಸಿದ. ಕೊಳ್ಳುವವನ ಹಾಗೆ ದಲ್ಲಾಳಿಯ ಹತ್ತಿರ ಹೋಗಬೇಕು. "ನಿಜವಾಗಿ ಎಷ್ಟಕ್ಕೆ ಬರುತ್ತೆ, ನಿಮ್ಮ ಕೈ ಬಿಸಿ ಮಾಡ್ತೀನಿ, ಇಳಿಸಿ ಕೊಡಿ" ಎನ್ನಬೇಕು. ಅವನು ಹೂಂ ಎಂದರೆ ಸಿಕ್ಕಿಬಿದ್ದ.

ಮಾರ್ಚ್ 30

ಸ್ಟೋರ್‌ಕೀಪರ್ ವರದಿ ಕೊಟ್ಟ. ದಲ್ಲಾಳಿ ಹೇಳಿದ್ದಿಷ್ಟು: "ನನ್ನ ಕೈ ಬಿಸಿ ಮಾಡೋದು ಬೇಡ, ನಿಮಗೆ ಎಷ್ಟು ಆಗುತ್ತೋ ಹೇಳಿ, ಮಾಲೀಕರಿಗೆ ತಿಳಿಸ್ತೀನಿ. ಮಹಡಿ ಹಿಂದಿನ ಕೋಣೇಲಿ ತೇವ ಇದೆ, ಬೀರು ಸರಿಸಿ ನೋಡಿ."

ಬೀರು ಸರಿಸಿ ನೋಡಿ! ನನ್ನ ಮನೆಯ ಮಾನ ಬೀದಿಯಲ್ಲಿ ಹರಾಜು ಹಾಕುತ್ತಿದ್ದಾನೆ. ಲಂಚ ಬೇಡ ಎಂದದ್ದು ಇನ್ನೂ ಹೆಚ್ಚಿನ ಅನುಮಾನಕ್ಕೆ ಕಾರಣ. ದೊಡ್ಡ ಮೀನಿಗೆ ಗಾಳ ಹಾಕಿ ಕೂತವನು ಸಣ್ಣದನ್ನು ಮುಟ್ಟುವುದಿಲ್ಲ.

"ನೀನು ಏನಂದೆ?" ಎಂದು ಕೇಳಿದೆ.

"ಎಪ್ಪತ್ತಾರು ಅಂದೆ ಮೇಡಂ."

"ಎಪ್ಪತ್ತಾರಾ?"

"ಅವರು ಕುರ್ಚಿ ಹಾಕಿ ಕೂರಿಸಿ ಟೀ ತರಿಸಿದ್ರು. ಕಡಿಮೆ ಹೇಳೋಕೆ ನಾಚಿಕೆ ಆಯ್ತು."

ಇರಲಿ. ಇನ್ನೂ ಎರಡು ವಾರ ನಾಟಕ ಮುಂದುವರಿಸು ಎಂದಿದ್ದೇನೆ. ಅವನು ಬಾಲ ಬಿಚ್ಚಲೇಬೇಕು.

ಏಪ್ರಿಲ್ 6

ನರ್ಸ್ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಹುಡುಗಿ ಮೇಲೆ ಕೆಳಗೆ ಎರಡು ಸಲ ಓಡಾಡಿದಳು. ತಾಯಿ ಇವರ ಎದುರು ಕೂತು ಒಂದು ಗಂಟೆ ಮಾತಾಡಿದಳು. ನಾನು ಟೀ ಹಿಡಿದು ಬಂದಾಗ ಇಬ್ಬರೂ ನಗುತ್ತಿದ್ದರು. ಇವರು ನಕ್ಕು ಎಷ್ಟು ತಿಂಗಳಾಯಿತೋ. ಏನು ಹೇಳಿ ನಗಿಸಿದಳು, ಬದಲಿಗೆ ಏನು ತಿಳಿದುಕೊಂಡಳು?

ಸಂಜೆಗೆ ದಲ್ಲಾಳಿಯ ಫೋನು. ಅರವತ್ತಾರು ಕೊಡುತ್ತಾರಂತೆ. ಸಾಲ ಮಂಜೂರಾಗಿದೆಯಂತೆ, ಒಂದು ತಿಂಗಳಲ್ಲಿ ಮುಗಿಸುತ್ತಾರಂತೆ. ಸರಿಯಾಗಿ ಅರವತ್ತಾರು ಎಲ್ಲಿಂದ ಬಂತು? ಇವರನ್ನು ಕೇಳಿದರೆ, "ನಾನು ಬೆಲೆ ಮಾತೇ ಎತ್ತಲಿಲ್ಲ. ಆಕೆ ಚಿಕ್ಕವಳಿದ್ದಾಗ ಲಾಂಗ್ ಜಂಪ್ ಮಾಡ್ತಿದ್ದಳಂತೆ" ಎಂದರು.

ಏಪ್ರಿಲ್ 9

ಆಶ್ಚರ್ಯವೆಂದರೆ ದಲ್ಲಾಳಿಯೇ ಬೇಡ ಎಂದ. "ಎಪ್ಪತ್ತಾರರ ಪಾರ್ಟಿ ಕೈಯಲ್ಲಿರುವಾಗ ಅರವತ್ತಾರಕ್ಕೆ ಒಪ್ಪಿಕೊಳ್ಳಿ ಅಂತ ನಾನು ಹೇಗೆ ಹೇಳ್ಲಿ ಮೇಡಂ? ನಿಮಗೆ ಅನ್ಯಾಯ ಆಗುತ್ತೆ. ಅವರು ಹೆಂಡತೀನ ಕರ್ಕೊಂಡು ಬರ್ತಾರಂತೆ, ಒಂದು ವಾರ ನೋಡೋಣ. ಆದ್ರೆ ಈ ನರ್ಸಮ್ಮ ವಾರ ಕಾಯಲ್ಲ. ನೀವೇ ಹೇಳಿ, ಏನು ಮಾಡ್ಲಿ?"

ಹತ್ತು ನಿಮಿಷ ಯೋಚಿಸಿದೆ. ಸ್ಟೋರ್‌ಕೀಪರ್ ನಮ್ಮವನೆಂದು ನನಗೆ ಗೊತ್ತು. ಅವನ ಹತ್ತಿರ ಎಪ್ಪತ್ತಾರು ಸಾವಿರವೂ ಇಲ್ಲ ಎಂದೂ ಗೊತ್ತು. ಆದರೆ ದಿನಾ ಮನೆ ಮಾರುವ ದಲ್ಲಾಳಿಯೇ ಎಪ್ಪತ್ತಾರನ್ನು ನಂಬಿದ್ದಾನೆ ಎಂದಮೇಲೆ ಮನೆಗೆ ಅಷ್ಟು ಬೆಲೆ ಇರಲೇಬೇಕಲ್ಲ! ಅರವತ್ತೆರಡು ಎಂದ ಬಾಯಲ್ಲೇ ಎಪ್ಪತ್ತಾರು ಬಂತು. ಸತ್ಯ ಹೊರಬಿದ್ದದ್ದು ಹೀಗೆ.

ನರ್ಸಮ್ಮನಿಗೆ ಬೇಡ ಎಂದು ಹೇಳಿಸಿದೆ. ಹೇಳಿಸಿದ ಮೇಲೆ ಮನಸ್ಸು ಹಗುರಾಯಿತು.

ಏಪ್ರಿಲ್ 19

ಸ್ಟೋರ್‌ಕೀಪರ್ ಡಿಪೋದಲ್ಲಿ ನನ್ನನ್ನು ಕಂಡರೆ ಟಯರುಗಳ ಹಿಂದೆ ಸರಿಯುತ್ತಾನೆ. ಇಂದು ಹಿಡಿದೆ. ದಲ್ಲಾಳಿ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾನಂತೆ, ಹೆಂಡತಿಗೆ ಅನುಮಾನ ಬಂದು ಯಾವಳದು ಫೋನು ಎಂದು ಜಗಳವಾಗಿದೆಯಂತೆ.

"ಸಾಕು, ಬೇಡ ಅಂತ ಹೇಳಿಬಿಡು" ಎಂದೆ.

"ನೀವೇ ಹೇಳಿ ಮೇಡಂ. ಆ ಮನುಷ್ಯನಿಗೆ ಸುಳ್ಳು ಹೇಳೋಕೆ ನನ್ನ ಕೈಲಿ ಇನ್ನು ಆಗಲ್ಲ."

ಬೋಲ್ಟು ಎಣಿಸುವವನಿಗೆ ಎಲ್ಲಿಲ್ಲದ ಮರ್ಯಾದೆ ಬಂದಿದೆ.

ಮೇ 2

ಸಂಜೆ ಐದೂಕಾಲಿಗೆ ಬೀಗ ತೆಗೆದೆ. ಕುರ್ಚಿಯಲ್ಲಿ ಇವರಿರಲಿಲ್ಲ. ಮೆಟ್ಟಿಲ ಮೇಲಿದ್ದರು. ಒಂಬತ್ತನೇ ಮೆಟ್ಟಿಲು. ಹೆಗಲ ಮೇಲೆ ಟವೆಲು, ಬಲಗೈಯಲ್ಲಿ ಕಂಬಿ, ಎಡಗಾಲು ಕೆಳಗಿನ ಮೆಟ್ಟಿಲಿಗೆ ಜಾರಿ ತಿರುಚಿಕೊಂಡಿತ್ತು. ಮೇಲೂ ಹೋಗಲಾಗದೆ, ಕೆಳಗೂ ಇಳಿಯಲಾಗದೆ ಎರಡು ಗಂಟೆ ಹೊತ್ತಿನಿಂದ ಅಲ್ಲೇ ಕೂತಿದ್ದಾರೆ. ಪಂಚೆ ಒದ್ದೆಯಾಗಿತ್ತು. ಫೋನು ಕೆಳಗೆ ಕುರ್ಚಿಯ ಮೇಲೆ.

"ಕೂಗಬಾರದಿತ್ತಾ?" ಎಂದೆ.

"ಕೂಗಿದ್ರೆ ಯಾರು ಬರ್ತಿದ್ರು? ಬೀಗ ಹಾಕಿದೆಯಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಗಂಟೆ ಎಷ್ಟು ಎಂದು ಕೇಳಿದ ಹಾಗೆ ಹೇಳಿದರು.

ಮೇ 3

ಮೂಳೆ ಮುರಿದಿಲ್ಲ. ರಜೆ ಹಾಕಿದ್ದೇನೆ.

ನಾದಿನಿಗೆ ನಾನೇ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬಂದಳು. ಅಣ್ಣನ ಕಾಲು ನೋಡಿ, ನನ್ನ ಕಡೆ ತಿರುಗಿ, ಅಳುತ್ತಾ ಬೈದಳು. "ದಿನಾ ಮಧ್ಯಾಹ್ನ ನಾನು ಹಿಂದೆ ನಿಂತ್ಕೊಂಡು ಎರಡೆರಡು ಮೆಟ್ಟಿಲು ಹತ್ತಿಸ್ತಿದ್ದೆ ಅತ್ತಿಗೆ. ಒಂದು ದಿನ ಪೂರ್ತಿ ಹತ್ತಿ, ಸ್ನಾನ ಮಾಡ್ಕೊಂಡು, ನೀವು ಬರೋ ಹೊತ್ತಿಗೆ ಕೂತಿರ್ಬೇಕು ಅಂತ ಅವನ ಆಸೆ. ಆ ಕಾಗದದಲ್ಲಿ ಅದೇ ಬರ್ಕೊಂಡಿದ್ವಿ. ಯಾವ ದಿನ ಎಷ್ಟು ಮೆಟ್ಟಿಲು ಅಂತ. ನೀವು ಬೀಗದ ಕೈ ಕೇಳಿದ ದಿನ ಏಳಾಗಿತ್ತು."

ಚೀಲದಿಂದ ತೆಗೆದು ತೋರಿಸಿದಳು. ಡ್ರಿಲ್ ಮೇಷ್ಟರ ಬರಹ, ಗೆರೆ ಹಾಕಿ ಚೌಕ ಮಾಡಿದ್ದಾರೆ. ಸಹಿ ಗಿಹಿ ಏನೂ ಇಲ್ಲ.

ನಾನು ಅಡುಗೆಮನೆಗೆ ಹೋಗಿ ನಿಂತೆ. ನಾಚಿಕೆಯಾಯಿತು ಎಂದು ಇಲ್ಲಿ ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳಲಾರೆ. ಅವಳ ಬೀಗದ ಕೈ ವಾಪಸು ಕೊಟ್ಟೆ.

ಮೇ 5

ದಲ್ಲಾಳಿಯನ್ನು ಕರೆಸಿ ಸ್ಟೋರ್‌ಕೀಪರ್ ಕಥೆ ಹೇಳಿದೆ. ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ನ ಮೇಲೆ ತಪಾಸಣೆ ಮಾಡಿದ್ರಾ?"

"ಹೂಂ."

"ಏನು ಗೊತ್ತಾಯ್ತು?"

ನಾನು ಎದ್ದು ಫ್ಯಾನು ಜೋರು ಮಾಡಿದೆ.

"ಒಳ್ಳೆ ಪಾರ್ಟಿ ಮೇಡಂ ಆ ನರ್ಸಮ್ಮ. ನಾನೇ ನನ್ನ ಬಾಯಾರೆ ಕಳಿಸಿಬಿಟ್ಟೆ. ನಿಮ್ಮ ಬೀದೀಲೇ ಮೂರನೇ ಮನೆ ತಗೊಂಡ್ರು, ಅರವತ್ತನಾಲ್ಕಕ್ಕೆ. ಆ ಬೋರ್ಡು ಇಳಿದಿದ್ದು ನೋಡ್ಲಿಲ್ವಾ?"

ನೋಡಿದ್ದೆ. ಮಾಲೀಕರು ಸೋತು ಮಾರುವುದನ್ನೇ ಬಿಟ್ಟರು ಎಂದುಕೊಂಡಿದ್ದೆ.

ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಇವರ ಕಾಲು ಹೇಗಿದೆ ಎಂದು ಕೇಳಿದ. ಇದರಲ್ಲಿ ಅವನಿಗೇನು ಲಾಭ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಮೇ 11

ಬೀದಿಯಲ್ಲಿ ಉಳಿದಿರುವ ಎರಡು ಮನೆ ತೋರಿಸು ಎಂದು ದಲ್ಲಾಳಿಗೆ ಹೇಳಿದೆ. "ತೋರಿಸ್ತೀನಿ, ಆದ್ರೆ ಗಿರಾಕಿ ಅಂತ ಹೇಳಲ್ಲ, ನೀವೂ ಮಾರೋರೇ ಅಂತ ಹೇಳ್ತೀನಿ. ಆ ನಾಟಕ ಸಾಕು" ಎಂದ.

ಮೊದಲನೆಯದು ನಮ್ಮದಕ್ಕಿಂತ ಅಗಲ, ಕೆಳಗೇ ಒಂದು ಬಚ್ಚಲು. ಅರವತ್ತೊಂದು ಕೇಳುತ್ತಿದ್ದಾರೆ, ಬಂದಿರುವುದು ಐವತ್ತೆಂಟು. ಎರಡನೆಯದರ ಮಾಲೀಕ ಎಪ್ಪತ್ತೆಂಟು ಎಂದು ಹಿಡಿದು ಕೂತಿದ್ದಾನೆ, ಒಂದೂವರೆ ವರ್ಷದಿಂದ. "ನಾವಿಬ್ಬರೂ ಬಿಗಿಯಾಗಿರಬೇಕು ಮೇಡಂ, ಈ ದಲ್ಲಾಳಿಗಳೆಲ್ಲ ಒಳಗೊಳಗೇ ಒಂದು" ಎಂದು ಕಿವಿಯಲ್ಲಿ ಹೇಳಿದ. ಕಿಟಕಿಯ ಗ್ರಿಲ್ ತಾನೇ ನಿಂತು ಮಾಡಿಸಿದ್ದೆಂದು ತೋರಿಸಿದ. ಗ್ರಿಲ್ ಚೆನ್ನಾಗಿತ್ತು. ಮನೆಯಲ್ಲಿ ಕತ್ತಲೆ. ಮೇಜಿನ ಮೇಲೆಲ್ಲ ಧೂಳು, ಹೆಂಡತಿ ಮಕ್ಕಳು ಆಗಲೇ ಬೇರೆ ಕಡೆ ಬಾಡಿಗೆಗೆ ಹೋಗಿದ್ದಾರೆ. ಇವನೊಬ್ಬ ಬೆಲೆ ಕಾಯುತ್ತಾ ಕೂತಿದ್ದಾನೆ.

ವಾಪಸು ಬರುವಾಗ ನಮ್ಮ ಗೇಟಿನ ಹೊರಗೆ ನಿಂತೆ. ಕಿರಿದಾದ ಮನೆ. ಕಡಿದಾದ ಮೆಟ್ಟಿಲು. ಮೇಲಿನ ನೀರಿನ ಟ್ಯಾಂಕಿನಿಂದ ಗೋಡೆಯ ಮೇಲೆ ಇಳಿದ ಕಪ್ಪು ಗೆರೆ ಬೀದಿಗೇ ಕಾಣುತ್ತದೆ. ಮೂಲೆಮನೆ ಎಂಬತ್ತನಾಲ್ಕಕ್ಕೆ ಹೋದದ್ದು ಮೂರು ವರ್ಷದ ಹಿಂದೆ, ಆಗಿನ ಬೆಲೆಗೆ.

ಐವತ್ತೊಂಬತ್ತು ಎಂದು ಬರೆಯಲು ಹೇಳಿದೆ. ಒಂದೇ ಸಲಕ್ಕೆ.

ಮೇ 24

ಐದು ಕಡೆಯವರು ಬಂದರು. ಇಂದು ಬಂದವರು ಬೇಕರಿಯ ಗಂಡ ಹೆಂಡತಿ. ಮೇಲಕ್ಕೆ ಕರೆದೊಯ್ದು, ಬೇಕರಿಯವನಿಂದಲೂ ಒಂದು ಕೈ ಹಾಕಿಸಿ ಬೀರು ಸರಿಸಿ, ತೇವದ ಕಲೆ ತೋರಿಸಿದೆ. ಟ್ಯಾಂಕಿನ ಪೈಪು ಬದಲಿಸಬೇಕು ಎಂದೆ. ಮೆಟ್ಟಿಲಲ್ಲಿ ವಯಸ್ಸಾದವರು ಜೋಪಾನ ಎಂದೆ. ಮಧ್ಯಾಹ್ನ ನೀರು ಸಣ್ಣಗೆ ಬರುತ್ತದೆ ಎಂದೆ.

ಹೆಂಡತಿ ಕಣ್ಣು ಕಿರಿದು ಮಾಡಿದಳು. "ಇಷ್ಟೆಲ್ಲ ನೀವೇ ಹೇಳ್ತಿದೀರಲ್ಲ, ಇನ್ನೇನು ಮುಚ್ಚಿಟ್ಟಿದೀರಿ?"

ನನಗೆ ಅವಳು ಹಿಡಿಸಿದಳು. ನಮ್ಮ ಇಲಾಖೆಗೆ ಬೇಕಾದಂಥ ಹೆಂಗಸು. ಎರಡು ಗಂಟೆ ಹುಡುಕಿದಳು, ನಲ್ಲಿಯ ಕೆಳಗೆ ಬಗ್ಗಿ, ಬಾಗಿಲ ಸಂದಿಯಲ್ಲಿ ಬೆರಳಿಟ್ಟು. ಇವರು ಕುರ್ಚಿಯಲ್ಲೇ ಕೂತು, "ಆ ಕಿಟಕಿ ಚಿಲಕ ಸಡಿಲ ಇದೆ, ಅದನ್ನೂ ಬರ್ಕೊಳ್ಳಿ" ಎಂದರು.

ಐವತ್ತೇಳು ಹೇಳಿದ್ದಾರೆ.

ಮೇ 29

ಐವತ್ತೇಳೂವರೆಗೆ ಮುಗಿಯಿತು.

ಔಷಧಿ ಅಂಗಡಿಯವರ ಫ್ಲ್ಯಾಟ್ ನಮಗಿಲ್ಲ; ಐವತ್ತೆಂಟರ ಮೇಲೆ ನೋಂದಣಿ, ಕಮಿಷನ್ ಸೇರಿದರೆ ಇಷ್ಟರಲ್ಲಿ ಆಗುವುದಿಲ್ಲ. ಅರವತ್ತಾರು ಬಂದಿದ್ದರೆ ಅದನ್ನು ಕೊಂಡು ಇವರ ಚಿಕಿತ್ಸೆಗೂ ಉಳಿಯುತ್ತಿತ್ತು. ಅಂಗಡಿಗೇ ಹೋಗಿ ಹೇಳಿದೆ. ಬೇಸರ ಮಾಡಿಕೊಂಡರು. ಇಷ್ಟು ದಿನ ಯಾಕೆ ಕಾದಿರಿ ಎಂದು ಕೇಳಿಯೇಬಿಟ್ಟೆ. "ನನ್ನ ಮಗ ತೊದಲ್ತಿದ್ದ. ಮೇಷ್ಟ್ರು ಅವನನ್ನ ಮುಂದೆ ನಿಲ್ಲಿಸಿ ಇಡೀ ಶಾಲೆಗೆ ಡ್ರಿಲ್ ಹೇಳಿಸಿದ್ರು" ಎಂದರು. ಇವರು ನನಗೆ ಒಂದು ದಿನವೂ ಇದನ್ನು ಹೇಳಿಲ್ಲ.

ಅದೇ ಕಟ್ಟಡದಲ್ಲಿ ನೆಲಮಹಡಿಯ ಹಿಂಬದಿಯದೊಂದು ಸಿಕ್ಕಿದೆ. ಒಂದೇ ಕೋಣೆ. ಕಿಟಕಿ ತೆಗೆದರೆ ಸ್ಕೂಟರುಗಳು. ನನ್ನ ಬುದ್ಧಿವಂತಿಕೆಯ ಬೆಲೆ ಇಷ್ಟು ಎಂದು ಗೊತ್ತಾಯಿತು. ಇವರಿಗೆ ಹಾಗೆಂದೆ. "ಹೋಗ್ಲಿ ಬಿಡೇ, ಸ್ಕೂಟರ್ ಎಣಿಸ್ತೀನಿ" ಎಂದರು.

ಜೂನ್ 21

ನಿನ್ನೆ ಸಾಮಾನು ಬಂತು. ಲಾರಿಯವರು ನಲವತ್ತೊಂದು ಪೆಟ್ಟಿಗೆ ಎಂದರು, ನಾನು ನಲವತ್ತೆರಡು ಎಣಿಸಿದ್ದೆ. ಜಗಳವಾಡಿದೆ. ಆಮೇಲೆ ನೋಡಿದರೆ ಒಂದರ ಮೇಲೆ ನಾನೇ ಕೂತಿದ್ದೆ.

ಇಂದು ಬೆಳಿಗ್ಗೆ ಇವರು ಬಚ್ಚಲಿಗೆ ಹೋದರು. ಕೋಲೂರಿಕೊಂಡು, ಒಬ್ಬರೇ. ನಾನು ಬಕೆಟ್ಟು, ಟವೆಲು ಹಿಡಿದು ಹಿಂದೆಯೇ ಹೋದೆ. ಕೈಯಿಂದ ಟವೆಲು ಇಸಿದುಕೊಂಡು ಬಾಗಿಲು ಮುಚ್ಚಿದರು. ಚಿಲಕ ಹಾಕಿದ ಸದ್ದಾಯಿತು. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ನೀರು ಬಿಟ್ಟರು. ನಿಲ್ಲಿಸಿದರು. ಏನೋ ಬಿತ್ತು, ಸೋಪಿರಬೇಕು.

"ಹೊರಗೆ ನಿಂತಿದ್ದೀಯಾ?" ಎಂದು ಒಳಗಿನಿಂದ ಕೇಳಿದರು.

"ಇಲ್ಲ" ಎಂದೆ.

"ಹೋಗು."

ಬಂದು ಅಡುಗೆಮನೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತು ನಿಮಿಷವಾಯಿತು. ಬಚ್ಚಲಿನಿಂದ ಇವರ ಸಿಳ್ಳೆ ಕೇಳುತ್ತಿದೆ, ಮತ್ತೆ ನೀರಿನ ಸದ್ದು. ನಾನು ಎದ್ದು ಹೋಗಿಲ್ಲ.